ಸಿಪ್ಪೆಯ ರಾಶಿಗೆ ಕಾವಲಿದ್ದ ಕನ್ನಡಿ

ಅಫಜಲಪುರ
ರವಿವಾರ, ೧೬ ಮಾರ್ಚ್ ೨೦೨೫

ಪ್ರೀತಿಯ ಮೊಮ್ಮಗಳು ಮೈತ್ರಿಗೆ, ನಿನ್ನ ಮುತ್ಯಾನ ಮನದಾಳದ ಹಾರೈಕೆಗಳು.

ಪುಣೆಯಲ್ಲಿ ನಿನ್ನ ಆರೋಗ್ಯ ಹೇಗಿದೆ? ಕಳೆದ ತಿಂಗಳು ಫೋನಿನಲ್ಲಿ ಕೇಳಿಸುತ್ತಿದ್ದ ಕೆಮ್ಮು ನಿಜವಾಗಿಯೂ ಹೋಯಿತೇ, ಅಥವಾ ಈಗ ನೀರು ಕುಡಿದು ಅದನ್ನು ಅಡಗಿಸಿಕೊಂಡು ಫೋನು ಮಾಡುತ್ತಿದ್ದೀಯೇ? ನಿನ್ನ ಆಯಿ ಎರಡನೆಯದನ್ನೇ ನಂಬಿದ್ದಾಳೆ. ಈ ಒಂದು ವಿಷಯದಲ್ಲಿ ನಾನೂ ಅವಳ ಪಕ್ಷ. ಇಲ್ಲಿ ಎಲ್ಲರೂ ಇದ್ದ ಹಾಗೆಯೇ ಇದ್ದೇವೆ. ನನ್ನ ಮೊಣಕಾಲು ನೋಯುತ್ತದೆ, ಆದರೆ ನಡೆಯುತ್ತದೆ. ಆಯಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೆಂದು ಡಾಕ್ಟರು ಹೇಳಿದರು. ಗೂಡಿನಲ್ಲಿ ಬೆಲ್ಲ ಕರಗುತ್ತಿರುವ ವೇಗವನ್ನು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ನಿನ್ನ ಅವ್ವ ಮಹಾನಂದಾ ಅಂಗನವಾಡಿಗೆ ತಪ್ಪದೆ ಹೋಗುತ್ತಾಳೆ, ಬಂದು ತಪ್ಪದೆ ಅಡುಗೆ ಮಾಡುತ್ತಾಳೆ, ನಡುವೆ ಯಾರ ಜೊತೆಗೂ ಮಾತನಾಡುವುದಿಲ್ಲ. ನಿನ್ನ ಅಪ್ಪ ಜಗದೇವನಂತೂ ಊಟದ ತಾಟಿನೊಂದಿಗೆ ಮಾತ್ರ ಮಾತನಾಡುತ್ತಾನೆ. ಫೋನು ಇರುವಾಗ ಈ ಮುದುಕ ಕಾಗದವೇಕೆ ಬರೆಯುತ್ತಾನೆ ಎಂದು ನೀನು ಕೇಳಬಹುದು. ಫೋನಿನಲ್ಲಿ ಕಷ್ಟದ ಪ್ರಶ್ನೆ ಬಂದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ, ನನ್ನ ಮಗನಿಗೆ ಬ್ಯಾಟರಿ ಹೋಗುತ್ತದೆ. ಕಾಗದಕ್ಕೆ ಇವೆರಡೂ ಬೇನೆಗಳಿಲ್ಲ.

ಕಾರ್ಖಾನೆಯ ಬೆಂಕಿಯ ಬಗ್ಗೆ ನಿನಗೆ ತಿಳಿದಿರುವುದನ್ನೇ ಮೊದಲು ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಿದ್ದರಿಂದಲೇ ಇಷ್ಟೆಲ್ಲ ಗೊಂದಲವಾಗಿದೆ ಎಂಬುದು ನನ್ನ ಅಭಿಪ್ರಾಯ. ಬೆಂಕಿಯ ಮರುದಿನ ಆಳಂದದಿಂದ ನಿನ್ನ ಅತ್ತೆ ಫೋನು ಮಾಡಿ, ‘ಹವಳಗಾದಾಗ ಬೆಂಕಿ ಬಿತ್ತಂತಲ್ಲಪಾ, ಅಣ್ಣ ಅರಾಮ ಅದಾನಿಲ್ಲೋ’ ಎಂದು ಅಳತೊಡಗಿದಳು. ಹವಳಗಾದ ಕಾರ್ಖಾನೆ ಬೇರೆ, ಅಲ್ಲಿ ಏನೂ ಆಗಿಲ್ಲ, ಅವಳ ಅಣ್ಣನದು ಭೀಮೆಯ ದಂಡೆಗೆ ಮೊನ್ನೆ ಮೊನ್ನೆ ಎದ್ದ ಸಣ್ಣ ಕಾರ್ಖಾನೆ ಎಂದು ತಿದ್ದಿದೆ. ತಿದ್ದಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ಇರಲಿ. ಫೆಬ್ರುವರಿಯ ಕೊನೆಯ ವಾರ, ಮಧ್ಯಾಹ್ನದ ಊಟದ ವೇಳೆ, ಅಂಗಳದಲ್ಲಿ ಗುಡ್ಡದಂತೆ ಒಟ್ಟಿದ್ದ ಬಗಾಸ್, ಅಂದರೆ ರಸ ತೆಗೆದು ಉಳಿದ ಕಬ್ಬಿನ ಸಿಪ್ಪೆ, ಒಳಗೊಳಗೇ ಕಾವು ಏರಿ ಹೊತ್ತಿಕೊಂಡಿತು. ಹಸಿ ಸಿಪ್ಪೆಯ ರಾಶಿ ಹುದುಗಿ ತಾನಾಗಿಯೇ ಬಿಸಿಯಾಗುತ್ತದೆ, ಹೊಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹೊಗೆಗಿಂತ ಮೊದಲೇ ಬಿಸಿಯನ್ನು ಕಾಣಲೆಂದೇ ನೀನು ಆಗಸ್ಟಿನಲ್ಲಿ ನಿಮ್ಮ ಪ್ರಯೋಗಾಲಯದ ಪೆಟ್ಟಿಗೆಯನ್ನು ತಂದು, ನೀರಿನ ಟಾಕಿಯ ಕಟ್ಟೆಯ ಮೇಲೆ, ತಗಡಿನ ಕೊಡೆಯ ಕೆಳಗೆ, ರಾಶಿಗೆ ಮುಖ ಮಾಡಿ ಕೂರಿಸಿ ಹೋದೆ. ಅಂದು ಆ ಪೆಟ್ಟಿಗೆಯ ಸದ್ದನ್ನು ಯಾರೂ ಕೇಳಲಿಲ್ಲ. ಅರ್ಧ ರಾಶಿ ಹೋಯಿತು, ಸಿಪ್ಪೆ ಸಾಗಿಸುವ ಪಟ್ಟಿ ಕರಕಲಾಯಿತು. ಲೋಡರ್ ಓಡಿಸುವ ಭಗವಂತ ಹೊಗೆಯೊಳಗೆ ಗಾಡಿ ನುಗ್ಗಿಸಿ ಉರಿಯುವ ಭಾಗವನ್ನು ಬೇರ್ಪಡಿಸದಿದ್ದರೆ ಉಳಿದರ್ಧವೂ ಉಳಿಯುತ್ತಿರಲಿಲ್ಲ; ಅವನ ಮುಂಗೈ ಸುಟ್ಟಿದೆ, ಜೀವಕ್ಕೆ ಅಪಾಯವಿಲ್ಲ. ಅಂಗಳದ ಮೇಲ್ವಿಚಾರಕನಾದ ನಿನ್ನ ಅಪ್ಪನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಕಾರ್ಖಾನೆ ಕೇಳಿದೆ. ವಿಚಾರಣೆ ನಾಳೆ, ಸೋಮವಾರ.

ಇಲ್ಲಿಯವರೆಗೆ ಎಲ್ಲ ನೇರವಾಗಿದೆ. ಇನ್ನು ನನ್ನ ಅನುಮಾನಗಳು. ಬೆಂಕಿಯಾದ ವಾರದಲ್ಲೇ ಈ ಮನೆಯಲ್ಲಿ ಎರಡು ತಪ್ಪೊಪ್ಪಿಗೆಗಳು ಬಂದವು. ಮೊದಲನೆಯದು ನಿನ್ನದು. ನೀನು ನಿನ್ನ ಅವ್ವನಿಗೆ ಫೋನು ಮಾಡಿ, ‘ಅವ್ವಾ, ತಪ್ಪು ನಂದೇ ಅದ. ನನ್ನ ಕನ್ನಡಿ ಬಿಸಲಿಗಿ ಬಾಗ್ಯಾವ. ಅಪ್ಪಗ ಯಾರೂ ಏನೂ ಅನ್ನಬಾರದು’ ಎಂದೆ. ನಿನ್ನ ಹೊಸ ಬಗೆಯ ಕನ್ನಡಿ ಬಯಲಿನಲ್ಲಿ ಸೋತಿತು, ಹಳೆಯದಕ್ಕೇ ಮರಳುತ್ತೇವೆ ಎಂಬ ಹೇಳಿಕೆಗೆ ಬರುವ ಶುಕ್ರವಾರ ಸಹಿ ಹಾಕಲಿದ್ದೀಯೆಂದೂ ಹೇಳಿದೆ. ಎರಡನೆಯದು ನಿನ್ನ ಅಪ್ಪನದು. ಅವನು ಮ್ಯಾನೇಜರರ ಮುಂದೆ, ಪೆಟ್ಟಿಗೆ ಕೂಗಿತ್ತು, ಸುಳ್ಳು ಕೂಗು ಇರಬೇಕೆಂದು ನಾನೇ ಬಾಯಿ ಮುಚ್ಚಿಸಿದೆ ಎಂದಿದ್ದಾನೆ. ಯೋಚಿಸು. ಪೆಟ್ಟಿಗೆ ಕೂಗಿದ್ದು ನಿಜವಾದರೆ ಕನ್ನಡಿ ಬಾಗಿಲ್ಲ. ಕನ್ನಡಿ ಬಾಗಿದ್ದು ನಿಜವಾದರೆ ಪೆಟ್ಟಿಗೆ ಕೂಗಿಲ್ಲ. ಒಂದೇ ಪ್ರಶ್ನೆಗೆ ತಂದೆ ಮಗಳು ಒಂದಕ್ಕೊಂದು ಹೊಂದದ ಎರಡು ಉತ್ತರ ಬರೆದು, ಇಬ್ಬರೂ ನಿಮ್ಮನ್ನು ನೀವೇ ಫೇಲು ಮಾಡಿಕೊಂಡಿದ್ದೀರಿ. ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡಿದವನಿಗೆ ಇಂಥಲ್ಲಿ ಬೆನ್ನು ತುರಿಸುತ್ತದೆ. ಒಂದು ಉತ್ತರ ಸುಳ್ಳೆಂದು ಮೊದಲ ದಿನವೇ ತಿಳಿಯಿತು. ಎರಡೂ ಸುಳ್ಳಿರಬಹುದೆಂದು ಹೊಳೆಯಲು ಇನ್ನೊಂದು ದಿನ ಬೇಕಾಯಿತು.

ಮೊದಲು ನಿನ್ನದನ್ನೇ ಪರಿಶೀಲಿಸಿದೆ. ಪೆಟ್ಟಿಗೆ ತಂದ ದಿನ ನೀನು ಪಡಸಾಲೆಯಲ್ಲಿ ಕುಳಿತು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಪೆಟ್ಟಿಗೆಯೊಳಗಿನ ಬಿಲ್ಲೆಯ ಮೇಲೆ ಸಾವಿರಾರು ಕನ್ನಡಿಗಳಿವೆ, ಒಂದೊಂದೂ ಹೆಚ್ಚು ಕಡಿಮೆ ತಲೆಗೂದಲಿನ ದಪ್ಪದಷ್ಟು ಅಗಲ. ಪ್ರತಿ ಕನ್ನಡಿಯೂ ಎರಡು ಬೇರೆ ವಸ್ತುಗಳ ಪದರುಗಳನ್ನು ಕೂಡಿಸಿ ಮಾಡಿದ ಕಾಲುಗಳ ಮೇಲೆ ತೂಗಿಕೊಂಡಿದೆ. ಬಿಸಿಯಾದ ರಾಶಿಯಿಂದ ಹೊರಟ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ತಾಗಿದಾಗ ಆ ಕಾಲುಗಳ ಒಂದು ಪದರು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಇಸ್ತ್ರಿ ಪೆಟ್ಟಿಗೆಯ ದ್ವಿಲೋಹ ಪಟ್ಟಿಯ ಹಾಗೆ ಕಾಲು ಬಾಗಿ ಕನ್ನಡಿ ವಾಲುತ್ತದೆ. ಹಿಂದಿನಿಂದ ಒಂದು ದೀಪ ಕನ್ನಡಿಗಳ ಮೇಲೆ ಬೆಳಕು ಬಿಡುತ್ತದೆ. ಮರಳಿ ಬಂದ ಬೆಳಕು ಒಂದು ಹರಿತವಾದ ಅಂಚನ್ನು ದಾಟಿ ಸಾಧಾರಣ ಕ್ಯಾಮೆರಾ ಸೇರಬೇಕು. ಕನ್ನಡಿ ವಾಲಿದಷ್ಟೂ ಅಂಚಿಗೆ ಸಿಕ್ಕಿಕೊಳ್ಳುವ ಬೆಳಕು ಬದಲಾಗುತ್ತದೆ, ಆ ಬದಲಾವಣೆಯೇ ಚಿತ್ರ. ಬೇರೆ ಕೆಲವು ಯಂತ್ರಗಳಲ್ಲಿ ಸಂವೇದಕವನ್ನು ಹಿಮಕ್ಕಿಂತ ತಣ್ಣಗೆ ಇಡಬೇಕು. ಇದಕ್ಕೆ ಆ ತಂಪಿನ ಹಂಗಿಲ್ಲ, ಆದ್ದರಿಂದಲೇ ನಮ್ಮ ಅಂಗಳದ ಬಿಸಿಲಿನಲ್ಲಿ ಕೂರಬಲ್ಲದು. ಇಷ್ಟೂ ಸರಿಯೇ?

ಕನ್ನಡಿಯ ಆಕಾರಕ್ಕೆ ಇಲ್ಲಿ ಇಷ್ಟೊಂದು ಮಹತ್ವವೇಕೆ ಎಂಬುದು ಅಂದು ನನಗೆ ಅರ್ಧ ತಿಳಿದಿತ್ತು. ಅರ್ಧ ತಿಳಿದದ್ದನ್ನು ನಾನು ನಂಬುವುದಿಲ್ಲ. ಆದ್ದರಿಂದ ಮಾಳಿಗೆಯ ಮೇಲೆ ಹೋಗಿ ಪ್ರಯೋಗ ಮಾಡಿದೆ. ಆಯಿಯ ಕೈಗನ್ನಡಿ ಒಂದು, ಎಣ್ಣೆ ಡಬ್ಬಿಯಿಂದ ಕತ್ತರಿಸಿ ತಿಕ್ಕಿ ಹೊಳಪಿಸಿದ ಬಾಗಿದ ತಗಡು ಇನ್ನೊಂದು. ಬಿಸಿಲನ್ನು ಎದುರಿನ ಗೋಡೆಗೆ ಬಿಟ್ಟು, ನಡುವೆ ಒಂದು ಬಳಪದ ಪಾಟಿಯನ್ನು ಅಡ್ಡ ಹಿಡಿದು, ಬೆಳಕಿನ ಅರ್ಧ ಭಾಗ ಮಾತ್ರ ದಾಟುವಂತೆ ಮಾಡಿದೆ. ಸಮತಲ ಕನ್ನಡಿಯನ್ನು ಕೂದಲೆಳೆಯಷ್ಟು ವಾಲಿಸಿದರೆ ಗೋಡೆಯ ಮೇಲಿನ ಬೆಳಕು ಥಟ್ಟನೆ ಹೆಚ್ಚುತ್ತಿತ್ತು, ಇಲ್ಲವೇ ಆರುತ್ತಿತ್ತು. ಏಕೆಂದರೆ ಬೆಳಕೆಲ್ಲ ಒಂದೇ ಕಡೆ ಗಟ್ಟಿಯಾಗಿ ನಿಂತಿರುತ್ತದೆ. ಬಾಗಿದ ತಗಡಿನ ಬೆಳಕು ಗೋಡೆಯ ತುಂಬ ಹರಡಿಕೊಂಡಿತ್ತು. ಅದನ್ನು ಅಷ್ಟೇ ವಾಲಿಸಿದರೆ ಏನೂ ಆದಂತೆ ಕಾಣಲಿಲ್ಲ. ವಾಲುವಿಕೆ ಒಂದೇ, ಕಾಣುವಿಕೆ ಬೇರೆ. ಕನ್ನಡಿ ತೀರ ಚಿಕ್ಕದಾದರೂ ಬೆಳಕು ಹರಡುತ್ತದೆ, ದೊಡ್ಡದು ಮಾಡಹೋದರೆ ಬಾಗು ಹೆಚ್ಚುತ್ತದೆ ಎಂದು ನೀನು ಹೇಳಿದ್ದ ಇಕ್ಕಟ್ಟೂ ಆಗ ಅರ್ಥವಾಯಿತು. ಊಟದ ತಾಟಿಗೆ ಅಂಚು ಎಬ್ಬಿಸಿದರೆ ತಳ ಸೊಟ್ಟಗಾಗದೆ ನಿಲ್ಲುವ ಹಾಗೆ, ಕನ್ನಡಿಯ ಸುತ್ತ ಅಂಚು ಮಡಿಸಿ ನೀನು ಅದನ್ನು ಸಮತಲವಾಗಿ ನಿಲ್ಲಿಸಿದ್ದೀಯೆ. ಅದೇ ನಿನ್ನ ಕೆಲಸದ ಹೊಸತನ. ನಿನ್ನ ಆಯಿ ಮೆಟ್ಟಿಲ ಮೇಲೆ ನಿಂತು, ‘ಈ ವಯಸ್ಸಿನಾಗ ಮಂದಿ ಗ್ವಾಡಿಗಿ ಬಿಸಲ ಬಿಡಾಕತ್ತೀರಿ. ಎದುರು ಮನಿ ಪ್ಯಾರಿಬಿ ಕಿಡಕಿ ಮುಚ್ಚಿದಳು ನೋಡ್ರಿ’ ಎಂದಳು. ಪ್ಯಾರಿಬಿ ಬಿಸಿಲಿಗೆ ಮುಚ್ಚಿದಳೋ ನನ್ನನ್ನು ನೋಡಿ ಮುಚ್ಚಿದಳೋ ಇನ್ನೂ ನಿಶ್ಚಯವಾಗಿಲ್ಲ.

ಈಗ ನನ್ನ ಪ್ರಶ್ನೆ. ಪೆಟ್ಟಿಗೆ ಪುಣೆಗೆ ಕಳಿಸುವ ಚಿತ್ರಗಳು ಅಕ್ಟೋಬರಿನಿಂದ ದಿನೇ ದಿನೇ ಮಂಕಾದವು, ನಿಮ್ಮ ಮಾರ್ಗದರ್ಶಕರು ನಕ್ಷೆಯ ಮೇಲೆ ಆ ಇಳಿಯುವ ಗೆರೆಯನ್ನು ನೋಡಿ ಕನ್ನಡಿ ಬಾಗಿದೆ ಎಂದರು. ಅವರು ಗೆರೆಯನ್ನು ಮಾತ್ರ ಕಂಡವರು, ಅವರನ್ನು ನಾನು ದೂರುವುದಿಲ್ಲ. ಆದರೆ ನೀನು? ಅದೇ ದಿನ, ಅದೇ ತಟ್ಟೆಯಲ್ಲಿ ತಯಾರಾದ ಜೋಡಿ ಬಿಲ್ಲೆಯನ್ನು ಎಷ್ಟು ಸಲ ಕಾಯಿಸಿ ಆರಿಸಿದರೂ ಸಮತಲವಾಗಿಯೇ ಉಳಿದಿದೆ ಎಂದು ಸಂಕ್ರಾಂತಿಯ ಹೊತ್ತಿಗೆ ನೀನೇ ಹೆಮ್ಮೆಯಿಂದ ಹೇಳಿದ್ದೆ. ಅಷ್ಟು ಪರೀಕ್ಷಿಸಿದವಳು, ಪೆಟ್ಟಿಗೆಯನ್ನು ಬಿಚ್ಚದೆ, ಒಮ್ಮೆ ಬಂದು ನೋಡದೆ, ಒಂದೇ ಫೋನಿನಲ್ಲಿ ಸೋಲೊಪ್ಪಿಕೊಂಡಳೆಂದರೆ ನಾನು ನಂಬಬೇಕೇ? ಚಿಕ್ಕವಳಿದ್ದಾಗ ಜೇವರ್ಗಿಯ ಬಾಡಿಗೆ ಮನೆಯಲ್ಲಿ ಒಂದು ಲೆಕ್ಕದ ಉತ್ತರಕ್ಕಾಗಿ ನನ್ನೊಡನೆ ಊಟ ಬಿಟ್ಟು ವಾದಿಸಿದವಳು ನೀನು. ನಿನ್ನ ಅಪ್ಪನ ಕೆಲಸ ಉಳಿಯಲೆಂದು ನೀನು ನಿನ್ನ ಕೆಲಸವನ್ನು ಬಲಿ ಕೊಡುತ್ತಿದ್ದೀಯೆ ಎಂಬುದೇ ನನ್ನ ಅನುಮಾನ. ಇದು ಪ್ರೀತಿಯಿರಬಹುದು, ವಿಜ್ಞಾನವಂತೂ ಅಲ್ಲ.

ಆಮೇಲೆ ನಿನ್ನ ಅಪ್ಪನ ಉತ್ತರವನ್ನು ಪರಿಶೀಲಿಸಿದೆ. ಊಟಕ್ಕೆ ಕುಳಿತಾಗ ಏನೂ ಅರಿಯದವನಂತೆ, ಆ ಕೂಗನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೋ ಜಗದೇವಾ, ಎಂದು ಕೇಳಿದೆ. ‘ಪೆಟಗಿ ಬಾಜೂಕನ ಅದರಿ ಅಪ್ಪಾ’ ಎಂದ. ಆ ಗುಂಡಿ ಪೆಟ್ಟಿಗೆಯ ಮೇಲಿಲ್ಲ, ಆಫೀಸಿನ ಗೋಡೆಯ ಮೇಲಿದೆ; ಕೂರಿಸಿದ ದಿನ ನೀನು ನನಗೆ ತೋರಿಸಿದ್ದೆ. ಒಮ್ಮೆಯೂ ಮುಟ್ಟದವನಿಗೆ ಅದು ಎಲ್ಲಿದೆಯೆಂದು ಹೇಗೆ ತಿಳಿದೀತು? ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಅವನು ನನ್ನನ್ನು ನೋಡಿ ತಲೆ ತಗ್ಗಿಸಿದ. ಮಗಳ ಯಂತ್ರಕ್ಕೆ ಕೆಟ್ಟ ಹೆಸರು ಬರಬಾರದೆಂದು ತಂದೆಯೂ ಕಥೆ ಕಟ್ಟಿದ್ದಾನೆ. ಹಾಗಿದ್ದರೆ ಕನ್ನಡಿಯೂ ಸರಿ, ಮೇಲ್ವಿಚಾರಕನೂ ಸರಿ; ಆದರೂ ಪೆಟ್ಟಿಗೆ ಕುರುಡಾಗಿತ್ತು. ಯಾಕೆ?

ಇಲ್ಲಿ ನನ್ನ ಅನುಮಾನ ಅನೀಲಕುಮಾರನ ಮೇಲೆ ಹೋಯಿತು. ಅವನು ಕಾರ್ಖಾನೆಯ ಸಾಗಣೆ ವಿಭಾಗದ ಗುಮಾಸ್ತ. ಅಂಗಳದ ಮೇಲ್ವಿಚಾರಕನ ಜಾಗ ತನಗೇ ಬರಬೇಕಿತ್ತೆಂದು ತಿಳಿದವನು. ಆ ಜಾಗಕ್ಕೆ ನಮ್ಮ ಓಣಿಯವನೊಬ್ಬ ಬಂದದ್ದು ಅವನಿಗೆ ಸೇರಿಲ್ಲವೆಂದು ನನಗೆ ಯಾರೂ ಹೇಳಬೇಕಾಗಿಲ್ಲ, ಇಂಥವನ್ನು ನನ್ನ ತಲೆಮಾರು ವಾಸನೆಯಿಂದಲೇ ಕಂಡುಹಿಡಿಯುತ್ತದೆ. ಚಹಾದ ಅಂಗಡಿಯಲ್ಲಿ ಅವನು ನನಗೆ ಕೇಳುವಂತೆಯೇ, ‘ಖಂಡೆ ಪೂಜಿ ದಿವಸ ಎಲ್ಲಾರೂ ಕೈ ಮುಗದ್ರು. ಅಂಗಳದ ಸಾಹೇಬ್ರು ಇರಲೇ ಇಲ್ಲ. ಮಶಿನಿಗಿ ಸಿಟ್ಟು ಬರೂದಿಲ್ಲೇನ್ರಿ’ ಎಂದ. ನಕ್ಕವರು ನಾಲ್ಕು ಮಂದಿ. ಯಾರು ಯಾರೆಂದು ನೆನಪಿಟ್ಟುಕೊಂಡಿದ್ದೇನೆ. ದಸರೆಯ ಆಯುಧಪೂಜೆಯ ಹೊತ್ತಿಗೇ ಬರುವ ಧಮ್ಮಚಕ್ರ ಪ್ರವರ್ತನ ದಿನಕ್ಕೆಂದು ನಾವೆಲ್ಲ ಕಲಬುರಗಿಯ ಬುದ್ಧವಿಹಾರಕ್ಕೆ ಹೋಗಿ ಉಳಿಯುವುದು ಅವನಿಗೂ ಗೊತ್ತು, ನಿನ್ನ ಅಪ್ಪ ರಜೆ ಬರೆದುಕೊಟ್ಟೇ ಬಂದಿದ್ದ. ನಾನು, ‘ಮಶಿನಿಗಿ ಸಿಟ್ಟು ಬರೂದಿಲ್ಲಪಾ, ಮನಷ್ಯಾಗ ಬರ್ತದ’ ಎಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಇವನೇ ಪೆಟ್ಟಿಗೆಯ ಮೇಲೆ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಹೊದಿಸಿ ಕೆಲಸ ಕೆಡಿಸಿರಬೇಕೆಂದು ತೀರ್ಮಾನಿಸಿ, ಪುರಾವೆ ಹುಡುಕಲು ನಿನ್ನೆ ಮಧ್ಯಾಹ್ನ ಕಾರ್ಖಾನೆಗೇ ಹೋದೆ.

ಗೇಟಿನ ಕಾವಲುಗಾರ ರಾಜೇಸಾಬ ನನ್ನ ಕೈಯಲ್ಲಿ ಓದಿದವನು. ‘ಸರ್ರಿ, ಒಳಗ ಬಿಡೂದಿಲ್ಲ ಅಂತ ಆರ್ಡರ್ ಅದ’ ಎಂದವನು, ನಾನು ಸುಮ್ಮನೆ ನಿಂತು ಅವನನ್ನೇ ನೋಡುತ್ತಿದ್ದಾಗ, ‘ಬರ್ರಿ, ನಾ ನೋಡಿಲ್ಲ’ ಎಂದು ಬೆನ್ನು ತಿರುಗಿಸಿದ. ಟಾಕಿಯ ಕಬ್ಬಿಣದ ಏಣಿಯನ್ನು ಈ ಮೊಣಕಾಲಿನಿಂದ ಹೇಗೆ ಹತ್ತಿದೆ ಎಂಬುದನ್ನು ಆಯಿಗೆ ಹೇಳಬೇಡ. ತಗಡಿನ ಕೊಡೆಯ ಕೆಳಗೆ ಬಗ್ಗಿ ನೋಡಿದೆ. ಬಟ್ಟೆಯಿಲ್ಲ, ಪ್ಲಾಸ್ಟಿಕ್ಕಿಲ್ಲ. ಯಾರೂ ಮುಟ್ಟಬಾರದು ಎಂದು ನಿನ್ನ ಮಾತಿನಂತೆ ನಿನ್ನ ಅಪ್ಪ ಬರೆಸಿದ ಹಲಗೆ ನೆಟ್ಟಗೆ ನಿಂತಿತ್ತು. ಆದರೆ ಪೆಟ್ಟಿಗೆಯ ಮುಂದಿನ ಆ ದುಂಡನೆಯ ಜರ್ಮೇನಿಯಂ ಕಿಟಕಿ ಇದೆಯಲ್ಲ, ಹೊರಗಿನಿಂದ ನೋಡಿದರೆ ಒಳಗೇನೂ ಕಾಣದ, ಕಪ್ಪು ಕನ್ನಡಿಯಂತೆ ಹೊಳೆಯುವುದು, ಅದರ ಹೊಳಪೇ ಇರಲಿಲ್ಲ. ಅಂಗೈಯಗಲದ ಆ ಮುಖದ ಮೇಲೆ ಎಣ್ಣೆ ಹಿಡಿದ ಬಿಳಿಯ ಪಟ್ಟೆಗಳು ಅಡ್ಡಡ್ಡ ಮೂರು, ನಡುವೆ ಒಣಗಿದ ಕುಂಕುಮ. ಆ ಎಣ್ಣೆಗೆ ತಿಂಗಳುಗಟ್ಟಲೆ ಸಿಪ್ಪೆಯ ಧೂಳೂ ಬಾಯ್ಲರಿನ ಬೂದಿಯೂ ಹಾರಿ ಬಂದು ಅಂಟಿ, ಪಟ್ಟೆಗಳ ನಡುವಿನ ಜಾಗವೂ ಮುಚ್ಚಿಹೋಗಿತ್ತು. ಧೂಳು ಕೂತಂತೆ ಚಿತ್ರ ದಿನೇ ದಿನೇ ಮಂಕಾಗಿದೆ. ನಿಮ್ಮ ಇಳಿಯುವ ಗೆರೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅವಕೆಂಪು ಕಿರಣ ಕನ್ನಡಿಗಳವರೆಗೆ ತಲುಪಿದ್ದರೆ ತಾನೇ ಕನ್ನಡಿ ವಾಲುವುದು?

ಯಾರ ಕೈ ಎಂದು ನಾನು ವಿಚಾರ ಮಾಡುತ್ತ ಏಣಿಯ ತುದಿಯಲ್ಲೇ ನಿಂತಿದ್ದೆ. ಕೆಳಗೆ ಭಗವಂತ ಬಂದು ನಿಂತ. ಮುಂಗೈಗೆ ಬ್ಯಾಂಡೇಜು, ಏಣಿಗೆ ಇನ್ನೊಂದು ಕೈ. ‘ಸರ್ರಿ, ಇಳೀರಿ, ಬಿದ್ದೀರಿ’ ಎಂದ. ಇಳಿದೆ. ಮೇಲೆ ವಿಭೂತಿ ಬಳಿದವರು ಯಾರು ಎಂದು ನೇರವಾಗಿಯೇ ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸದೆ, ಸಂತೋಷದಿಂದಲೇ, ‘ನಾನೇ ರಿ’ ಎಂದ. ‘ಖಂಡೆ ಪೂಜಿ ದಿವಸ ಲೋಡರಿಗಿ ಆತು, ಕ್ರೇನಿಗಿ ಆತು, ತೂಕದ ಕಾಟಾಕ್ಕೂ ಆತು. ನಮ್ಮ ಮೈತ್ರವ್ವನ ಮಶಿನ್ ಒಂದೇ ಪರದೇಶಿ ಹಂಗ ಮ್ಯಾಲ ಕುಂತಿತ್ತು. ಜಗ್ಗಣ್ಣ ಊರಾಗ ಇರಲಿಲ್ಲ. ನೀವು ಮಾಡೂದಿಲ್ಲ, ಅದು ನಂಗೂ ಗೊತ್ತದರಿ. ನಿಮ್ಮ ಬದ್ಲಿ ನಾ ಮಾಡಿದ್ರ ಏನ್ ಹೋಗ್ತದ ಅಂತ ಹತ್ತಿದೆ. ಅಂದೋಲಾದ ಮಠದಿಂದ ತಂದ ವಿಭೂತಿ ರಿ, ಉದರಬಾರದಂತ ಎಣ್ಯಾಗ ಕಲಸಿದ್ದೆ. ವಾಯರಿಗಿ ಕೈ ಹಚ್ಚಿಲ್ಲ. ಅದು ಕನ್ನಡಿ ಇದ್ದಂಗ ಇತ್ತು, ಅದರ ಹಣಿ ಅಂತ ತಿಳದು ಅಲ್ಲಿಷ್ಟೇ ಹಚ್ಚೇನಿ.’ ಹೆಸರಿಲ್ಲದ ಯಂತ್ರಕ್ಕೆ ಅವನು ನಿನ್ನ ಹೆಸರಿಟ್ಟುಕೊಂಡಿದ್ದಾನೆ, ಮೈತ್ರಿ.

ಅದು ಹಣೆಯಲ್ಲ, ಕಣ್ಣು ಎಂದು ನಾನು ಹೇಳಿದೆ. ಹೇಗೆಂದು ವಿವರಿಸಿದೆ. ಪಾಠ ಮಾಡುವಾಗ ಕೇಳುವವನ ಮುಖ ನೋಡಿ ಮುಂದುವರಿಯುವುದು ನನ್ನ ಅಭ್ಯಾಸ. ಅಂದು ಮಾತ್ರ ನೋಡದೆ ಮುಂದುವರಿದೆ. ಮುಗಿಸಿದಾಗ ಅವನು ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ‘ಹಂಗಾದ್ರ ಬೆಂಕಿ ನಾನೇ ಹಚ್ಚಿದಂಗ ಆತಲ್ರಿ’ ಎಂದ. ಇಲ್ಲವೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನ ಅಪ್ಪ ಬಂದ. ಇಬ್ಬರ ಮುಖವನ್ನೂ ನೋಡಿ, ಮೇಲೆ ಪೆಟ್ಟಿಗೆಯ ಕಡೆ ನೋಡಿ, ‘ಲೇ ಭಗವಂತ, ಮನಿಗಿ ನಡಿ. ಡ್ರೆಸಿಂಗ್ ಮಾಡಿಸ್ಕೊ’ ಎಂದು ಅವನನ್ನು ಎಬ್ಬಿಸಿ ಕಳಿಸಿದ. ನನ್ನನ್ನು ಏನೂ ಕೇಳಲಿಲ್ಲ ಎಂಬುದನ್ನು ಗಮನಿಸು. ಅವನಿಗೆ ನಿನ್ನೆಯೇ ತಿಳಿಯಿತೋ, ಮೊದಲೇ ತಿಳಿದಿತ್ತೋ? ಇದು ನನ್ನ ಇನ್ನೊಂದು ಅನುಮಾನ, ಉತ್ತರ ಸಿಕ್ಕಿಲ್ಲ.

ಹೀಗೆ ಎಲ್ಲ ಸ್ಪಷ್ಟವಾಗಿದೆ. ಅನೀಲಕುಮಾರನ ಮೇಲೆ ಈ ಒಂದು ವಿಷಯದಲ್ಲಿ ಮಾತ್ರ ಅನುಮಾನವನ್ನು ಹಿಂದಕ್ಕೆ ಪಡೆದಿದ್ದೇನೆ, ಮಿಕ್ಕವು ಇರುತ್ತವೆ. ನಾಳೆಯ ವಿಚಾರಣೆಗೆ ನಾನೂ ಹೋಗಿ, ಕಂಡದ್ದನ್ನು ಕಂಡ ಹಾಗೆ, ಹೆಸರು ಸಮೇತ ಹೇಳಲು ನಿಶ್ಚಯಿಸಿದ್ದೇನೆ. ಭಗವಂತ ಗುತ್ತಿಗೆಯ ಮೇಲೆ ದುಡಿಯುವವನು, ಅವನನ್ನು ತೆಗೆಯಲು ವಿಚಾರಣೆಯೂ ಬೇಕಾಗಿಲ್ಲ, ಮ್ಯಾನೇಜರರ ಒಂದು ಮಾತು ಸಾಕು. ಇದು ನನಗೆ ತಿಳಿಯದೆ ಇಲ್ಲ. ಅವನ ಹೆಂಡತಿ ಸಪ್ನಾ ನಿನ್ನೆ ಸಂಜೆ ನಮ್ಮ ಮನೆಗೆ ಬಂದು ಆಯಿಯ ಹತ್ತಿರ ಸುಮ್ಮನೆ ಕುಳಿತು, ನೀರು ಕುಡಿದು, ಹೋದಳು. ಏಕೆ ಬಂದಿದ್ದಳೆಂದು ಹೇಳಲಿಲ್ಲ. ಆದರೆ ಅರ್ಧ ಸತ್ಯದಿಂದ ನಿನ್ನ ಅಪ್ಪನ ಕೆಲಸವೂ ಉಳಿಯುವುದಿಲ್ಲ, ನಿನ್ನ ಕನ್ನಡಿಯೂ ಉಳಿಯುವುದಿಲ್ಲ. ಕಿಟಕಿಯ ಮೇಲಿನ ಆ ಗುರುತುಗಳನ್ನು ಅವರೆಲ್ಲ ಮೇಲೆ ಹತ್ತಿ ಕಣ್ಣಾರೆ ನೋಡಲಿ ಎಂದು ನಾನು ಒತ್ತಾಯ ಮಾಡುವವನಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಆಯಿ ನಿನಗೆ ಶೇಂಗಾ ಹಿಂಡಿ ಕಳಿಸುತ್ತಾಳಂತೆ. ಡಬ್ಬಿ ತಲುಪಿದ ಮೇಲೆ ಮುಚ್ಚಳ ಬಿಗಿಯಾಗಿತ್ತೇ ಎಂದು ತಿಳಿಸು, ಕೊರಿಯರಿನವರ ಮೇಲೆ ನನಗೆ ನಂಬಿಕೆಯಿಲ್ಲ. ನಿನ್ನ ತಮ್ಮ ಧಮ್ಮಪಾಲ ಪರೀಕ್ಷೆಗೆ ಓದುತ್ತಿರುವುದಾಗಿ ಹೇಳುತ್ತಾನೆ. ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೋ. ಚೆನ್ನಾಗಿ ಊಟ ಮಾಡು, ನಿದ್ದೆ ಮಾಡು. ನಿನಗೆ ಸದಾ ಮಂಗಳವಾಗಲಿ, ನಿನ್ನ ಬುದ್ಧಿ ಯಾರ ಮುಲಾಜಿಗೂ ಬೀಳದಿರಲಿ.

ನಿನ್ನ ಮುತ್ಯಾ,
ಮಹಾದೇವಪ್ಪ
ನಿವೃತ್ತ ವಿಜ್ಞಾನ ಶಿಕ್ಷಕ

ತಾ. ಕ.: ಸೋಮವಾರ ಮುಂಜಾನೆ, ಬಸ್ ನಿಲ್ದಾಣದಲ್ಲಿ ಬರೆಯುತ್ತಿದ್ದೇನೆ, ಅಂಟಿಸಿದ್ದ ಲಕೋಟೆಯನ್ನು ಹರಿದೆ, ಅಕ್ಷರ ಓರೆಯಾದರೆ ಕ್ಷಮಿಸು. ನಿನ್ನ ಅಪ್ಪ ಇಂದು ಎಲ್ಲರಿಗಿಂತ ಮೊದಲು ಹೋಗಿ, ನಿನ್ನ ಅವ್ವನ ಹಳೆಯ ನೂಲಿನ ಸೀರೆಯ ತುಂಡಿನಿಂದ ಆ ಕಿಟಕಿಯನ್ನು ಒರೆಸಿಬಿಟ್ಟು ಮನೆಗೆ ಬಂದ. ಪಟ್ಟೆಗಳಿಲ್ಲ, ಕುಂಕುಮವಿಲ್ಲ. ನಾನು ಕೂಗಾಡಿದೆ. ‘ಬೆಂಕ್ಯಾಗ ಹೊಕ್ಕಾಂವ ರಿ ಭಗವಂತ, ಅಪ್ಪಾ. ಅವನ ಹೆಸರು ನಿಮ್ಮ ಬಾಯಾಗ ಬರಬಾರದು’ ಎಂದ. ಇಷ್ಟು ಗಟ್ಟಿಯಾಗಿ ಅವನು ನನ್ನೆದುರು ಮಾತನಾಡಿದ್ದು ಇದೇ ಮೊದಲು. ಪೆಟ್ಟಿಗೆ ಕೂಗಿತ್ತು ಎಂದದ್ದನ್ನು ಹಿಂದಕ್ಕೆ ಪಡೆದು, ಗಾಜು ಒರೆಸಿಡುವುದು ನನ್ನ ಕೆಲಸ, ನಾನು ಒರೆಸಲಿಲ್ಲ ಎಂದು ಇಂದು ಹೇಳುತ್ತಾನಂತೆ. ‘ಬೈತಾರ. ಭಾಳಂದ್ರ ಬ್ಯಾರೆ ಕಡೆ ಹಾಕ್ತಾರ’ ಎನ್ನುತ್ತಾನೆ. ನನಗೆ ಅಷ್ಟು ಭರವಸೆಯಿಲ್ಲ. ಆದರೆ ನೀನು ತಿಳಿಯಬೇಕಾದದ್ದು ಇದು: ಒರೆಸಿದ ಮೇಲೆ ಪೆಟ್ಟಿಗೆ ತೆಗೆದ ವಿಡಿಯೋವನ್ನು ಅವನು ಮೊಬೈಲಿನಲ್ಲಿ ತಂದಿದ್ದ. ನಾನು ಅದನ್ನೂ ಅನುಮಾನಿಸಿ ಮೂರು ಸಲ ನೋಡಿದೆ. ಭಗವಂತ ರಾಶಿಯ ಪಕ್ಕದ ಗೋಡೆಗೆ ಅಂಗೈ ಒತ್ತಿ ತೆಗೆಯುತ್ತಾನೆ. ಕೈ ಹೋದ ಮೇಲೂ ಐದು ಬೆರಳುಗಳ ಬಿಸಿ ಗೋಡೆಯ ಮೇಲೆ ಬೆಳ್ಳಗೆ ನಿಂತು, ನಿಧಾನವಾಗಿ ಮಾಸುತ್ತದೆ. ಬಾಗಿದ ಕನ್ನಡಿಗೆ ಅಷ್ಟು ಅಲ್ಪ ಬಿಸಿ ಕಾಣುವುದು ಸಾಧ್ಯವೇ ಇಲ್ಲ. ಇಂದು ನಿಮ್ಮ ಗೆರೆ ಒಮ್ಮೆಲೇ ಏರಿರುತ್ತದೆ. ಕಿಟಕಿಗೆ ಬೂದಿ ಕೂತಿತ್ತು, ಒರೆಸಿದರು ಎಂದು ನಿಮ್ಮ ಮಾರ್ಗದರ್ಶಕರಿಗೆ ಹೇಳು. ಇಲ್ಲಿ ನನ್ನನ್ನು ಏನು ಕಂಡಿರಿ ಎಂದು ಕೇಳಿದರೆ ಬೂದಿ ಎನ್ನುತ್ತೇನೆ, ಯಾರ ಕೈ ಎಂದರೆ ಬಳಿದದ್ದನ್ನು ನಾನು ನೋಡಿಲ್ಲ ಎನ್ನುತ್ತೇನೆ. ಇಂಥ ಉತ್ತರ ಬರೆದ ಹುಡುಗನಿಗೆ ನಾನು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ. ನಿನ್ನ ಕನ್ನಡಿ ಬಾಗಿಲ್ಲ, ಮೈತ್ರಿ. ಶುಕ್ರವಾರ ಸಹಿ ಹಾಕಬೇಡ. ಬಸ್ಸು ಬಂತು.